ಮನೆಯಲ್ಲೇ ಮಾಡಿದ ಗೇಮ್: ದೇಶಕ್ಕೊಂದು ದಾರಿ ಏಕೆ?

ನಮ್ಮ ಎರಡೂ ಸೆಕ್ಷನ್‌ಗಳಲ್ಲಿ ಮೊಬೈಲ್ ಗೇಮ್ ಆಡದವರನ್ನು ಹುಡುಕುವುದು ಕಷ್ಟ. ಆದರೆ "ಯಾರಾದರೂ ಗೇಮ್ ಮಾಡಿದ್ದೀರಾ?" ಎಂದು ನಾನು ಕೇಳಿದಾಗ ಎದ್ದದ್ದು ನನ್ನದೂ ಸೇರಿ ಮೂರೇ ಕೈ. "ಜಪಾನಿನವರ ತಲೆಯೇ ಬೇರೆ, ನಮ್ಮ ಹುಡುಗರಿಗೆ ಆಡುವುದೊಂದೇ ಗೊತ್ತು" ಎಂಬ ಮಾತನ್ನು ಮನೆಯಲ್ಲಿಯೂ ಕೇಳಿದ್ದೇನೆ, ಕಾಲೇಜಿನಲ್ಲಿಯೂ ಕೇಳಿದ್ದೇನೆ. ಬೇರೆ ಬೇರೆ ದೇಶಗಳಲ್ಲಿ ಮನೆಯಲ್ಲೇ ಕುಳಿತು ಗೇಮ್ ಮಾಡಿದವರ ಬಗ್ಗೆ ಓದುತ್ತಾ ಹೋದಂತೆ ಈ ಮಾತಿನ ಮೇಲಿನ ನಂಬಿಕೆ ಹೋಯಿತು. ಅಲ್ಲಿ ನನಗೆ ಕಂಡದ್ದೆಲ್ಲ ನಮ್ಮ ಅರ್ಥಶಾಸ್ತ್ರ ಮತ್ತು ವ್ಯವಹಾರ ಅಧ್ಯಯನದ ಪುಸ್ತಕಗಳಲ್ಲಿ ಇರುವ ಸಂಗತಿಗಳೇ: ಎಷ್ಟು ಬಂಡವಾಳ ಬೇಕು, ಒಳಗೆ ಬರಲು ತಡೆ ಏನು, ಮಾಡಿದ ಸರಕು ಯಾವ ದಾರಿಯಲ್ಲಿ ಜನರ ಕೈಗೆ ತಲುಪುತ್ತದೆ.

ಮೊದಲು ಒಂದು ಪದ. ಕಂಪನಿ, ಸಂಬಳ, ಅನುಮತಿ ಯಾವುದೂ ಇಲ್ಲದೆ ಒಬ್ಬರೋ ಇಬ್ಬರೋ ಸ್ವಂತ ಆಸಕ್ತಿಯಿಂದ ಮಾಡುವ ಗೇಮ್‌ಗೆ ‘ಹೋಮ್‌ಬ್ರೂ’ ಎನ್ನುತ್ತಾರೆ. ಮೂಲದಲ್ಲಿ ಅದು ಮನೆಯಲ್ಲಿ ಬಿಯರ್ ತಯಾರಿಸುವುದಕ್ಕೆ ಇದ್ದ ಮಾತು. ಈ ಪತ್ರಿಕೆಯನ್ನು ನಮ್ಮ ಅಮ್ಮಿಗೆ ನಾನೇ ಓದಿ ಹೇಳಬೇಕಾದ್ದರಿಂದ ಇಲ್ಲಿ ‘ಮನೆ ಗೇಮ್’ ಎಂದೇ ಬರೆಯುತ್ತೇನೆ. ಪ್ಲೇಸ್ಟೇಷನ್‌ನಂಥ ಬೀಗ ಹಾಕಿದ ಯಂತ್ರಗಳಿಗೆ ಅನುಮತಿಯಿಲ್ಲದೆ ಗೇಮ್ ಬರೆಯುವುದನ್ನು ಮಾತ್ರ ಹೋಮ್‌ಬ್ರೂ ಎನ್ನುವವರೂ ಇದ್ದಾರೆ. ನಾನು ಸ್ವಲ್ಪ ವಿಶಾಲ ಅರ್ಥದಲ್ಲಿ ತೆಗೆದುಕೊಂಡಿದ್ದೇನೆ.

ಬ್ರಿಟನ್ನಿನಿಂದ ಶುರು ಮಾಡೋಣ. 1982ರಲ್ಲಿ ಅಲ್ಲಿ ಸಿಂಕ್ಲೇರ್ ಎಂಬ ಕಂಪನಿ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಪುಟ್ಟ ಕಂಪ್ಯೂಟರನ್ನು ಮಾರುಕಟ್ಟೆಗೆ ಬಿಟ್ಟಿತು. ಬೆಲೆ 125 ಪೌಂಡಿನಿಂದ ಶುರು. ರಬ್ಬರಿನ ಕೀಲಿಗಳು, ಪರದೆಯಾಗಿ ಮನೆಯ ಟಿವಿ, ಪ್ರೋಗ್ರಾಂ ಉಳಿಸಿಡಲು ಮನೆಯ ಟೇಪ್ ರೆಕಾರ್ಡರ್. ಪ್ಲಗ್ ಹಾಕಿದ ಕೂಡಲೇ ಅದು ಬೇಸಿಕ್ ಭಾಷೆಯಲ್ಲಿ ಬರೆಯಲು ಸಿದ್ಧವಾಗಿ ನಿಲ್ಲುತ್ತಿತ್ತು, ಅಂದರೆ ಆಡುವ ಯಂತ್ರವೇ ಮಾಡುವ ಯಂತ್ರ. 1983ರಲ್ಲಿ ಮ್ಯಾಥ್ಯೂ ಸ್ಮಿತ್ ಎಂಬ ಹುಡುಗ ಸ್ಪೆಕ್ಟ್ರಮ್‌ಗಾಗಿ ‘ಮ್ಯಾನಿಕ್ ಮೈನರ್’ ಎಂಬ ಗೇಮ್ ಬರೆದಾಗ ಅವನಿಗೆ 17 ವರ್ಷ, ಈಗಿನ ನನ್ನ ವಯಸ್ಸು. ಆ ಗೇಮ್ ದೇಶದ ತುಂಬ ಮಾರಾಟವಾಯಿತು. ಅಲ್ಲಿ ಗೇಮ್ ಕ್ಯಾಸೆಟ್‌ಗಳು ಪುಸ್ತಕದಂಗಡಿಗಳಲ್ಲಿ ಸಿಗುತ್ತಿದ್ದವು, ಬೂಟ್ಸ್ ಎಂಬ ಔಷಧಿ ಅಂಗಡಿಗಳಲ್ಲಿಯೂ ಸಿಗುತ್ತಿದ್ದವು. ಕ್ಯಾಸೆಟ್ ಮೇಲೆ ಕ್ಯಾಸೆಟ್ ಪ್ರತಿ ಮಾಡಲು ಖರ್ಚು ಅತ್ಯಲ್ಪ, ಅಂದರೆ ಸೀಮಾಂತ ವೆಚ್ಚ ಸೊನ್ನೆಯ ಹತ್ತಿರ. ಅಂಗಡಿಯ ದಾರಿ ಮೊದಲೇ ಸಿದ್ಧವಿತ್ತು. ಆದ್ದರಿಂದ ಬ್ರಿಟನ್ನಿನಲ್ಲಿ ಮಲಗುವ ಕೋಣೆಯಲ್ಲಿ ಹುಟ್ಟಿದ ಗೇಮ್ ಬಹಳ ಬೇಗ ವ್ಯಾಪಾರವಾಯಿತು. ಕೆಲವೇ ವರ್ಷಗಳಲ್ಲಿ ಹವ್ಯಾಸಿಗಳು ಕಂಪನಿಗಳ ಮಾಲೀಕರಾದರು.

ಅದೇ ಸ್ಪೆಕ್ಟ್ರಮ್ ಪೂರ್ವ ಯುರೋಪಿಗೆ ಹೋದಾಗ ಕಥೆಯೇ ಬೇರೆ. ನನಗೆ ಬಹಳ ಇಷ್ಟವಾದ ಭಾಗ ಇದು. ಆಗಿನ ಯುಗೊಸ್ಲಾವಿಯಾದಲ್ಲಿ 50 ಜರ್ಮನ್ ಮಾರ್ಕ್‌ಗಿಂತ ಹೆಚ್ಚು ಬೆಲೆಯ ವಸ್ತುವನ್ನು ಹೊರದೇಶದಿಂದ ತರುವಂತಿರಲಿಲ್ಲ. ಅತಿ ಅಗ್ಗದ ಕಂಪ್ಯೂಟರಿಗೂ ಅದಕ್ಕಿಂತ ಹೆಚ್ಚು ಬೆಲೆ. 1983ರಲ್ಲಿ ವೋಯಾ ಆಂಟೋನಿಚ್ ಎಂಬ ಎಂಜಿನಿಯರ್ ಒಂದು ಉಪಾಯ ಕಂಡುಕೊಂಡರು. ಟಿವಿಯಲ್ಲಿ ಚಿತ್ರ ಮೂಡಿಸಲು ಬೇರೆ ದುಬಾರಿ ಚಿಪ್ ಹಾಕುವ ಬದಲು ಮುಖ್ಯ ಪ್ರೊಸೆಸರ್ ಕೈಯಲ್ಲೇ ಆ ಕೆಲಸ ಮಾಡಿಸಿದರೆ ಖರ್ಚು ಬಹಳ ಇಳಿಯುತ್ತದೆ. ಹಾಗೆ ಹುಟ್ಟಿದ ಕಂಪ್ಯೂಟರಿನ ಹೆಸರು ‘ಗಲಾಕ್ಸಿಯಾ’. ಆಂಟೋನಿಚ್ ಅದನ್ನು ಕಂಪನಿಗೆ ಮಾರಲಿಲ್ಲ. ಬೆಲ್‌ಗ್ರೇಡಿನ ಒಂದು ಪತ್ರಿಕೆಯಲ್ಲಿ ಪೂರ್ತಿ ನಕ್ಷೆಯನ್ನೇ ಅಚ್ಚು ಹಾಕಿಸಿದರು. ಓದುಗರು ಬಿಡಿಭಾಗ ತರಿಸಿಕೊಂಡು ಮನೆಯಲ್ಲಿ ಬೆಸುಗೆ ಹಾಕಿ ಕಂಪ್ಯೂಟರ್ ಕಟ್ಟಿಕೊಳ್ಳಬೇಕು. ಸಾವಿರಾರು ಜನ ಕಟ್ಟಿಕೊಂಡರು. ಅದರ ಒಳಗಿನ ಬೇಸಿಕ್ ಇದ್ದದ್ದು 4 ಕೆಬಿ ಜಾಗದಲ್ಲಿ. ತಪ್ಪು ಸಂದೇಶಗಳಿಗೆ ಜಾಗ ಸಾಲದೆ ಅದು ಮೂರೇ ಮಾತು ಹೇಳುತ್ತಿತ್ತು: ‘ವಾಟ್?’, ‘ಹೌ?’, ‘ಸಾರಿ’. ನಮ್ಮ ಲ್ಯಾಬಿನ ಕಂಪ್ಯೂಟರ್ ಕೊಡುವ ಅರ್ಧ ಪುಟದ ತಪ್ಪು ಸಂದೇಶಕ್ಕಿಂತ ಇದೇ ವಾಸಿ ಅನ್ನಿಸುತ್ತದೆ.

ಕಂಪ್ಯೂಟರ್ ಆಯಿತು, ಗೇಮ್‌ಗಳನ್ನು ಹಂಚುವುದು ಹೇಗೆ? ಅಂಗಡಿಯಿಲ್ಲ. ಇಲ್ಲಿ ರೇಡಿಯೊ ಬಂತು. ಆಗ ಪ್ರೋಗ್ರಾಂಗಳು ಕ್ಯಾಸೆಟ್ಟಿನಲ್ಲಿ ಶಬ್ದದ ರೂಪದಲ್ಲಿ ಇರುತ್ತಿದ್ದವು, ಕೇಳಿದರೆ ಕೀರಲು ಸದ್ದು. ರೇಡಿಯೊ ಬೆಲ್‌ಗ್ರೇಡಿನ ನಿರೂಪಕ ಜೋರಾನ್ ಮೋದ್ಲಿ ತಮ್ಮ ‘ವೆಂಟಿಲೇಟರ್ 202’ ಕಾರ್ಯಕ್ರಮದಲ್ಲಿ ಆ ಸದ್ದನ್ನೇ ಪ್ರಸಾರ ಮಾಡಿದರು. ಕೇಳುಗರು ರೇಡಿಯೊದಿಂದ ಕ್ಯಾಸೆಟ್ಟಿಗೆ ರೆಕಾರ್ಡ್ ಮಾಡಿಕೊಂಡು ಕಂಪ್ಯೂಟರಿಗೆ ಹಾಕಿದರೆ ಗೇಮ್ ಬರುತ್ತಿತ್ತು. ಇಂದು ನಾವು ‘ಡೌನ್‌ಲೋಡ್’ ಎನ್ನುವುದನ್ನು ಅವರು ಟ್ರಾನ್ಸಿಸ್ಟರ್ ಮುಂದೆ ಕುಳಿತು ಮಾಡಿದರು. ಆಮದು ತಡೆಯಿದ್ದ ದೇಶದಲ್ಲಿ ಹವ್ಯಾಸಿಗಳ ಲೋಕ ಸತ್ತುಹೋಗಬೇಕಿತ್ತು ಎಂದು ನಾವು ಊಹಿಸುತ್ತೇವೆ. ಆದರೆ ಪತ್ರಿಕೆ ಮತ್ತು ರೇಡಿಯೊ ಸೇರಿ ದಾರಿ ಮಾಡಿಕೊಟ್ಟದ್ದರಿಂದ ಅದು ಬೆಳೆಯಿತು.

ಚೆಕೊಸ್ಲೊವಾಕಿಯಾದಲ್ಲಿ ಗೇಮ್ ಮಾರುವ ಮಾರುಕಟ್ಟೆಯೇ ಇರಲಿಲ್ಲ. ಅಲ್ಲಿ ಸ್ವಾಜಾರ್ಮ್ ಎಂಬ ಸರ್ಕಾರಿ ಸಂಘಟನೆಯಿತ್ತು. ಹೆಸರಿನ ಅರ್ಥ ಸೈನ್ಯದೊಂದಿಗೆ ಸಹಕಾರದ ಒಕ್ಕೂಟ. ಕಂಪ್ಯೂಟರ್ ಕ್ಲಬ್‌ಗಳು ಅದರ ಆಶ್ರಯದಲ್ಲಿ ನಡೆಯುತ್ತಿದ್ದವು, ಹುಡುಗರು ಅಲ್ಲಿ ಸೇರಿ ಕ್ಯಾಸೆಟ್ ಪ್ರತಿ ಮಾಡಿಕೊಳ್ಳುತ್ತಿದ್ದರು. ಹಣ ಬರುವ ಆಸೆಯಿಲ್ಲ, ಆದ್ದರಿಂದ ಸಾವಿರ ಜನರಿಗೆ ಇಷ್ಟವಾಗುವಂತೆ ಮಾಡಬೇಕೆಂಬ ಒತ್ತಡವೂ ಇಲ್ಲ. ಒಬ್ಬ ಬರೆದ ಗೇಮ್‌ನಲ್ಲಿ ಗೆಳೆಯರ ಹೆಸರು, ಕ್ಲಬ್ಬಿನ ತಮಾಷೆ, ಊರಿನ ಬೀದಿ ಎಲ್ಲ ಬರುತ್ತಿದ್ದವು. ಇನ್ನೊಂದು ಕಾರಣ ಭಾಷೆ. ಹೊರಗಿನಿಂದ ಬಂದ ಕಥಾ ಗೇಮ್‌ಗಳು ಇಂಗ್ಲಿಷಿನಲ್ಲಿದ್ದವು. ಓಡುವ, ಹಾರುವ ಗೇಮ್‌ಗೆ ಭಾಷೆ ಬೇಕಿಲ್ಲ. ಓದಿ ಆಡುವ ಗೇಮ್‌ಗೆ ಬೇಕು. ಆದ್ದರಿಂದ ಚೆಕ್ ಮತ್ತು ಸ್ಲೊವಾಕ್ ಹುಡುಗರು ತಮ್ಮ ಭಾಷೆಯಲ್ಲಿ ಓದಿ ಆಡುವ ಗೇಮ್‌ಗಳನ್ನು ತಾವೇ ಬರೆದುಕೊಂಡರು. ಅವುಗಳಲ್ಲಿ ಒಂದು 1989ರ ಜನವರಿಯಲ್ಲಿ ಪ್ರಾಗ್ ನಗರದ ವೆನ್ಸೆಸ್‌ಲಾಸ್ ಚೌಕದಲ್ಲಿ ನಡೆದ ಪ್ರತಿಭಟನೆಯನ್ನೇ ವಿಷಯ ಮಾಡಿಕೊಂಡಿತು. ಅದರಲ್ಲಿ ಇಂಡಿಯಾನಾ ಜೋನ್ಸ್ ಪೊಲೀಸರಿಂದ ತಪ್ಪಿಸಿಕೊಂಡು ಅಮೆರಿಕಕ್ಕೆ ಮರಳಬೇಕು. ಬರೆದವರು ಹೆಸರು ಹಾಕಲಿಲ್ಲ. ಪತ್ರಿಕೆಯಲ್ಲಿ ಅಚ್ಚಾಗಲು ಸಾಧ್ಯವೇ ಇಲ್ಲದ ಮಾತು ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಹೋಯಿತು. ಅದೇ ವರ್ಷದ ನವೆಂಬರಿನಲ್ಲಿ ಆ ಆಡಳಿತ ಬಿತ್ತು. ಗೇಮ್‌ನಿಂದ ಬಿತ್ತು ಎಂದು ನಾನು ಹೇಳುತ್ತಿಲ್ಲ! ಆದರೆ ಲಾಭಕ್ಕಾಗಿ ನಡೆಯುವ ಮಾರುಕಟ್ಟೆಯಲ್ಲಿ ಇಂಥ ಗೇಮ್ ಹುಟ್ಟುವುದು ಕಷ್ಟ.

ಅಮೆರಿಕದ ವಿಷಯ ಚಿಕ್ಕದಾಗಿ ಹೇಳಬಹುದು. 1985ರಲ್ಲಿ ನಿಂಟೆಂಡೊ ತನ್ನ ಯಂತ್ರವನ್ನು ಅಲ್ಲಿ ಮಾರಲು ತಂದಾಗ ಒಳಗೆ ಒಂದು ಬೀಗದ ಚಿಪ್ ಹಾಕಿತ್ತು. ಕಂಪನಿ ಒಪ್ಪಿದ ಕಾರ್ಟ್ರಿಡ್ಜ್ ಮಾತ್ರ ನಡೆಯುತ್ತದೆ. ನಮ್ಮ ಪಠ್ಯದ ಭಾಷೆಯಲ್ಲಿ ಹೇಳುವುದಾದರೆ ಇದು ಪ್ರವೇಶ ತಡೆಗೆ ಒಳ್ಳೆಯ ಉದಾಹರಣೆ, ಕಾನೂನಿನಿಂದಲ್ಲ, ಸಿಲಿಕಾನಿನಿಂದ ಮಾಡಿದ ತಡೆ. ಟಿವಿಯ ಮುಂದೆ ಬಾಗಿಲು ಮುಚ್ಚಿದಾಗ ಹವ್ಯಾಸಿಗಳು ಪಿಸಿಯ ಕಡೆ ಹೋದರು. ಅಮೆರಿಕದ ಬಹಳಷ್ಟು ಮನೆಗಳಲ್ಲಿ ಸ್ಥಳೀಯ ಫೋನ್ ಕರೆಗೆ ನಿಮಿಷದ ಲೆಕ್ಕವಿರಲಿಲ್ಲ, ತಿಂಗಳಿಗೆ ಒಂದೇ ಬಾಡಿಗೆ. ಹಾಗಾಗಿ ಮೋಡೆಮ್ ಮೂಲಕ ಗಂಟೆಗಟ್ಟಲೆ ಫೈಲ್ ಹಂಚಿಕೊಳ್ಳಬಹುದಿತ್ತು. ನಿಮಿಷಕ್ಕೆ ಹಣ ಕೊಡುತ್ತಿದ್ದ ಬ್ರಿಟನ್ನಿನ ಹುಡುಗನಿಗೆ ಆ ಸೌಕರ್ಯವಿಲ್ಲ. 1993ರಲ್ಲಿ ಬಂದ ‘ಡೂಮ್’ ಗೇಮ್‌ನ ಮೊದಲ ಭಾಗ ಉಚಿತ, ಅದರ ಮಟ್ಟಗಳ ಫೈಲ್ ಬೇರೆಯೇ ಇದ್ದದ್ದರಿಂದ ಆಡುವವರು ತಮ್ಮ ಮಟ್ಟ ತಾವೇ ಕಟ್ಟಬಹುದಿತ್ತು. ಬೇರೆಯವರ ಗೇಮ್ ಬದಲಿಸಿ ಹೊಸದು ಮಾಡುವ ಈ ಪದ್ಧತಿಯಿಂದಲೇ 1999ರಲ್ಲಿ ‘ಕೌಂಟರ್ ಸ್ಟ್ರೈಕ್’ ಹುಟ್ಟಿತು. ನಮ್ಮಲ್ಲಿ ಎಷ್ಟೋ ಜನ ಅದನ್ನು ದೊಡ್ಡ ಕಂಪನಿಯ ಗೇಮ್ ಎಂದೇ ತಿಳಿದಿದ್ದಾರೆ. ಶುರುವಾದದ್ದು ‘ಹಾಫ್ ಲೈಫ್’ ಮೇಲೆ ಇಬ್ಬರು ಹವ್ಯಾಸಿಗಳು ಮಾಡಿದ ಬದಲಾವಣೆಯಾಗಿ.

ಈಗ ಎಲ್ಲರೂ ಉದಾಹರಣೆ ಕೊಡುವ ಜಪಾನ್. ಅಲ್ಲಿ 1983ರಲ್ಲಿ 14,800 ಯೆನ್‌ಗೆ ಬಂದ ಫ್ಯಾಮಿಕಾಮ್ ಕೂಡ ಕೀಲಿಮಣೆಯಿಲ್ಲದ ಆಟದ ಯಂತ್ರವೇ. ಆದರೆ ಮುಂದಿನ ವರ್ಷವೇ ಅದಕ್ಕೆ ಕೀಲಿಮಣೆಯ ಜೊತೆ ‘ಫ್ಯಾಮಿಲಿ ಬೇಸಿಕ್’ ಬಂತು. ಸಾತೋಶಿ ತಾಜಿರಿ ಎಂಬ ಯುವಕ 1983ರಲ್ಲಿ ‘ಗೇಮ್ ಫ್ರೀಕ್’ ಎಂಬ ಕೈಬರಹದ ಪತ್ರಿಕೆ ಶುರು ಮಾಡಿದ್ದ, ಹಾಳೆಗಳಿಗೆ ಸ್ಟೇಪ್ಲರ್ ಪಿನ್ ಹೊಡೆದು ಮಾಡಿದ್ದು. ಗೇಮ್ ಮಾಡುವುದು ಹೇಗೆಂದು ತಿಳಿಯಲು ಅವನು ಹಿಡಿದದ್ದು ಈ ಫ್ಯಾಮಿಲಿ ಬೇಸಿಕ್ ಅನ್ನೇ. ಆ ಪತ್ರಿಕೆಯೇ ಮುಂದೆ ಕಂಪನಿಯಾಯಿತು. 1996ರಲ್ಲಿ ಆ ಕಂಪನಿ ಮಾಡಿದ ಗೇಮ್ ಪೋಕೆಮಾನ್. (ಕಾಲೇಜಿನ ಪತ್ರಿಕೆಗೆ ಬರೆಯುವುದರಿಂದ ಏನು ಉಪಯೋಗ ಎಂದು ಕೇಳುವ ಗೆಳೆಯರು ಗಮನಿಸಲಿ.)

ಜಪಾನಿನ ನಿಜವಾದ ವಿಶೇಷ ಇರುವುದು ಮಾರಾಟದ ಜಾಗದಲ್ಲಿ. ಹವ್ಯಾಸಿಗಳು ಸ್ವಂತ ಖರ್ಚಿನಲ್ಲಿ ಮಾಡಿ ಮಾರುವ ಪುಸ್ತಕ, ಚಿತ್ರಕಥೆ, ಗೇಮ್‌ಗಳಿಗೆ ಅಲ್ಲಿ ‘ದೋಜಿನ್’ ಎಂಬ ಹೆಸರಿದೆ. ಅದಕ್ಕಾಗಿ 1975ರಿಂದ ಟೋಕಿಯೊದಲ್ಲಿ ‘ಕಾಮಿಕೆಟ್’ ಎಂಬ ಸಂತೆ ನಡೆಯುತ್ತಿದೆ. ಈಗ ವರ್ಷಕ್ಕೆ ಎರಡು ಬಾರಿ, ಲಕ್ಷಗಟ್ಟಲೆ ಜನ ಬರುತ್ತಾರೆ. ಒಂದು ಮೇಜಿನ ಜಾಗಕ್ಕೆ ಹಣ ಕಟ್ಟಿ, ಮನೆಯಲ್ಲಿ ಮಾಡಿದ ಸಿಡಿಗಳನ್ನು ಜೋಡಿಸಿಕೊಂಡು ಕೂರಬಹುದು. ನಮ್ಮ ಊರಿನ ವಾರದ ಸಂತೆಯಲ್ಲಿ ಗೋಣಿ ಹಾಸಿ ಸೊಪ್ಪು ಮಾರುವವರಿಗೂ ಇವರಿಗೂ ವ್ಯಾಪಾರದ ರೀತಿಯಲ್ಲಿ ಏನೂ ವ್ಯತ್ಯಾಸವಿಲ್ಲ. ‘ತೋಹೊ’ ಎಂಬ ಪ್ರಸಿದ್ಧ ಸರಣಿಯನ್ನು ಝುನ್ ಎಂಬ ಹೆಸರಿನಲ್ಲಿ ಒಬ್ಬರೇ ಮಾಡುತ್ತಾರೆ: ಪ್ರೋಗ್ರಾಂ, ಚಿತ್ರ, ಸಂಗೀತ ಎಲ್ಲ ಅವರದೇ. 2002ರಲ್ಲಿ ಅದರ ಆರನೇ ಗೇಮ್ ಕಾಮಿಕೆಟ್‌ನಲ್ಲಿಯೇ ಬಿಡುಗಡೆಯಾಯಿತು. ಅವರ ಪಾತ್ರಗಳನ್ನು ಬಳಸಿ ಬೇರೆಯವರು ಹಾಡು, ಕಥೆ, ಗೇಮ್ ಮಾಡಲು ಕೆಲವು ನಿಯಮಗಳೊಂದಿಗೆ ಅವರು ಒಪ್ಪಿಗೆ ಕೊಟ್ಟಿದ್ದಾರೆ. ಹಾಗಾಗಿ ಒಬ್ಬರ ಗೇಮ್ ನೂರಾರು ಹವ್ಯಾಸಿಗಳಿಗೆ ಕೆಲಸ ಕೊಟ್ಟಿತು.

ಜಪಾನಿಗೆ ಭಾಷೆಯೂ ಒಂದು ಗೋಡೆಯಾಗಿ ಕೆಲಸ ಮಾಡಿತು. ಸಾವಿರಾರು ಕಾಂಜಿ ಅಕ್ಷರಗಳನ್ನು ಪರದೆಯಲ್ಲಿ ತೋರಿಸಲು ಅಮೆರಿಕದ ಪಿಸಿಗಳಿಗೆ ಕಷ್ಟವಾಗಿತ್ತು. ಆದ್ದರಿಂದ ಎನ್‌ಇಸಿ ಕಂಪನಿಯ ಪಿಸಿ-98 ಎಂಬ ದೇಶೀ ಕಂಪ್ಯೂಟರ್ ವರ್ಷಗಟ್ಟಲೆ ಅಲ್ಲಿ ರಾಜ್ಯವಾಳಿತು. ತೋಹೊದ ಮೊದಲ ಗೇಮ್‌ಗಳು ಅದಕ್ಕೇ ಬರೆದವು. ಅಂದರೆ ಪ್ರತ್ಯೇಕ ಲಿಪಿ, ಅದರಿಂದ ಪ್ರತ್ಯೇಕ ಯಂತ್ರ, ಅದರಿಂದ ಪ್ರತ್ಯೇಕ ಗೇಮ್ ಸಂಸ್ಕೃತಿ. ಲಿಪಿಯ ಈ ವಿಷಯ ನಮಗೂ ಸಂಬಂಧಪಟ್ಟದ್ದು, ಮುಂದೆ ಹೇಳುತ್ತೇನೆ.

ಬ್ರೆಜಿಲ್ ಇನ್ನೊಂದು ತರಹ. 1984ರ ಒಂದು ಕಾನೂನಿನಿಂದ ಅಲ್ಲಿನ ಕಂಪ್ಯೂಟರ್ ಮಾರುಕಟ್ಟೆ ದೇಶೀ ಕಂಪನಿಗಳಿಗೇ ಮೀಸಲಾಯಿತು. ಸ್ಪೆಕ್ಟ್ರಮ್‌ನ ನಕಲು ಅಲ್ಲಿಯೂ ತಯಾರಾಯಿತು. 1990ರ ದಶಕದ ಆರಂಭದಲ್ಲಿ ಆ ರಕ್ಷಣೆ ಹೋದರೂ ತೆರಿಗೆಯಿಂದ ಗೇಮ್‌ಗಳು ದುಬಾರಿಯಾಗಿಯೇ ಉಳಿದವು. 2000ದಲ್ಲಿ ಜಪಾನಿನಲ್ಲಿ ಬಂದ ಪ್ಲೇಸ್ಟೇಷನ್ 2 ಬ್ರೆಜಿಲ್‌ನಲ್ಲಿ ಅಧಿಕೃತವಾಗಿ ಬಿಡುಗಡೆಯಾದದ್ದು 2009ರಲ್ಲಿ. ಅಷ್ಟರೊಳಗೆ ಅದು ಬೇರೆ ದಾರಿಗಳಿಂದ ಮನೆಮನೆ ಸೇರಿ, ಬೀದಿ ವ್ಯಾಪಾರಿಗಳು ಡಿವಿಡಿ ಮಾರುತ್ತಿದ್ದರು. ಜಪಾನಿನ ಫುಟ್‌ಬಾಲ್ ಗೇಮ್‌ನಲ್ಲಿ ತಮ್ಮ ಊರಿನ ಕ್ಲಬ್‌ಗಳು ಸರಿಯಾಗಿ ಇಲ್ಲವೆಂದು ಅಲ್ಲಿನ ಅಭಿಮಾನಿಗಳು ತಂಡ, ಜೆರ್ಸಿ, ಕಾಮೆಂಟರಿ ಎಲ್ಲ ಬದಲಿಸಿ ‘ಬೊಂಬಾ ಪ್ಯಾಚ್’ ಮಾಡಿದರು. ಅಲ್ಲಿ ಹೊಸ ಗೇಮ್ ಶುರುವಿನಿಂದ ಬರೆಯುವುದಕ್ಕಿಂತ ಇದ್ದದ್ದನ್ನು ತಮ್ಮದು ಮಾಡಿಕೊಳ್ಳುವ ಕಲೆ ಬೆಳೆಯಿತು. ಕಾನೂನಿನ ಪ್ರಕಾರ ಅದು ಸರಿಯಲ್ಲ ಎಂಬುದನ್ನು ಮರೆಮಾಚಬೇಕಿಲ್ಲ. ಆದರೆ ಬೇಡಿಕೆ ಇದ್ದು ಪೂರೈಕೆ ಇಲ್ಲದಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನಾನು ನೋಡಿಲ್ಲ.

ಭಾರತದಲ್ಲಿ ಏನಾಯಿತು? 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆಯಲ್ಲಿ ಶಾಲೆಗಳಿಗೆ ಬಿಬಿಸಿ ಮೈಕ್ರೊ ಕಂಪ್ಯೂಟರ್‌ಗಳನ್ನು ಕೊಡಲು ಶುರು ಮಾಡಿತು. ಬ್ರಿಟನ್ನಿನ ಒಂದು ಪೀಳಿಗೆ ಪ್ರೋಗ್ರಾಂ ಬರೆಯಲು ಕಲಿತದ್ದು ಇಂಥವೇ ಯಂತ್ರಗಳ ಮೇಲೆ. ವ್ಯತ್ಯಾಸ ಒಂದೇ. ಅಲ್ಲಿ ಕಂಪ್ಯೂಟರ್ ಶಾಲೆಯಲ್ಲೂ ಇತ್ತು, ಮನೆಯಲ್ಲೂ ಇತ್ತು. ನಮ್ಮಲ್ಲಿ ಇದ್ದದ್ದು ಶಾಲೆಯ ಕೋಣೆಯಲ್ಲಿ ಮಾತ್ರ, ಪೀರಿಯಡ್ ಮುಗಿದರೆ ಮುಗಿಯಿತು. ಮನೆಗಳಿಗೆ ಬಂದದ್ದು 1990ರ ದಶಕದಲ್ಲಿ, ಫ್ಯಾಮಿಕಾಮ್‌ನ ಅಗ್ಗದ ನಕಲುಗಳ ರೂಪದಲ್ಲಿ. ನಮ್ಮ ಅಬ್ಬಾ, ಮಾಮು ಎಲ್ಲ ಅದನ್ನು ‘ಟಿವಿ ಗೇಮ್’ ಎನ್ನುತ್ತಾರೆ. ಒಂದು ಕಾರ್ಟ್ರಿಡ್ಜ್‌ನಲ್ಲಿ ಲಕ್ಷಾಂತರ ಗೇಮ್ ಎಂದು ಬರೆದಿರುತ್ತಿತ್ತು, ಹಾಕಿದರೆ ಅದೇ ಹತ್ತಿಪ್ಪತ್ತು ಗೇಮ್ ತಿರುಗಿ ತಿರುಗಿ ಬರುತ್ತಿದ್ದವು. ಅದರಲ್ಲಿ ಆಡಬಹುದಿತ್ತು, ಒಂದು ಸಾಲೂ ಬರೆಯುವಂತಿರಲಿಲ್ಲ.

ಆಮೇಲೆ ಕೀಪ್ಯಾಡ್ ಮೊಬೈಲ್ ಕಾಲ. ನನ್ನ ಮಾಮು ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಹಿಂದೆ ಅಲ್ಲಿಗೆ ಬಂದವರೆಲ್ಲ ಮೆಮೊರಿ ಕಾರ್ಡ್ ಕೊಟ್ಟು, ಹತ್ತಿಪ್ಪತ್ತು ರೂಪಾಯಿಗೆ ಹಾಡು, ವಿಡಿಯೊ, ಗೇಮ್ ತುಂಬಿಸಿಕೊಂಡು ಹೋಗುತ್ತಿದ್ದರಂತೆ. ನಾನು ಯುಗೊಸ್ಲಾವಿಯಾದ ರೇಡಿಯೊ ಕಥೆ ಹೇಳಿದಾಗ ಮಾಮು ನಕ್ಕು, "ನಾವೂ ಅದೇ ಮಾಡ್ತಿದ್ವಿ ಬೇಟಾ, ಆದರೆ ನಮ್ಮ ಊರಿನವರು ಮಾಡಿದ ಗೇಮ್ ಒಂದೂ ನನ್ನ ಕಂಪ್ಯೂಟರಿಗೆ ಬರಲಿಲ್ಲ" ಎಂದರು. ಈ ಮಾತು ನನ್ನ ತಲೆಯಲ್ಲಿ ಕುಳಿತಿದೆ. ಹಳ್ಳಿ ಹಳ್ಳಿಗೂ ಹೋಗುವ ಅಂಥ ವಿತರಣಾ ಜಾಲ ಬೆಲ್‌ಗ್ರೇಡಿನವರಿಗೂ ಇರಲಿಲ್ಲ. ಆದರೆ ನಮ್ಮಲ್ಲಿ ಕೀಲಿಮಣೆ ಇದ್ದ ಕಡೆ ದಾರಿ ಇರಲಿಲ್ಲ, ದಾರಿ ಇದ್ದ ಕಡೆ ಕೀಲಿಮಣೆ ಇರಲಿಲ್ಲ.

ಇವತ್ತಿನ ದಾರಿ ಪ್ಲೇ ಸ್ಟೋರ್. ಅಲ್ಲಿ ಗೇಮ್ ಹಾಕಲು ಒಂದು ಸಲ 25 ಡಾಲರ್ ಕಟ್ಟಬೇಕು, ನಮ್ಮ ಲೆಕ್ಕದಲ್ಲಿ ಎರಡು ಸಾವಿರ ರೂಪಾಯಿಗೂ ಮೇಲೆ, ಮತ್ತು 18 ವರ್ಷ ತುಂಬಿರಬೇಕು. ಕಂಪನಿಗೆ ಇದು ಚಹಾ ಖರ್ಚು. ಒಂದೇ ಸ್ಮಾರ್ಟ್‌ಫೋನನ್ನು ನಾಲ್ಕು ಜನ ಹಂಚಿಕೊಳ್ಳುವ ಮನೆಯಲ್ಲಿ ಅದು ಒಂದು ತಿಂಗಳ ಟ್ಯೂಷನ್ ಫೀಸು. ಅದಕ್ಕಿಂತ ದೊಡ್ಡ ತೊಂದರೆ, ಫೋನ್ ಆಡುವುದಕ್ಕೆ ಚೆನ್ನಾಗಿದೆ, ಮಾಡುವುದಕ್ಕೆ ಕಂಪ್ಯೂಟರೇ ಬೇಕು ಎಂಬುದು. ಇದು ಈಗ ಸ್ವಲ್ಪ ಸಡಿಲವಾಗಿದೆ. ಅರ್ಜೆಂಟೀನಾದ ಇಬ್ಬರು ಶುರು ಮಾಡಿ 2014ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟ ‘ಗೋಡೊ’ ಎಂಬ ಗೇಮ್ ತಯಾರಿಕೆಯ ಸಾಫ್ಟ್‌ವೇರ್ ಆಂಡ್ರಾಯ್ಡ್ ಫೋನಿನಲ್ಲಿಯೂ ನಡೆಯುತ್ತದೆ, ಪೂರ್ತಿ ಉಚಿತ. ಪುಟ್ಟ ಪರದೆಯಲ್ಲಿ ಬೆರಳು ನೋಯುತ್ತದೆ, ದೊಡ್ಡ ಗೇಮ್ ಆಗುವುದಿಲ್ಲ. ಆದರೂ ಅದೇ ಈಗ ನನ್ನ ರಬ್ಬರ್ ಕೀಲಿಯ ಸ್ಪೆಕ್ಟ್ರಮ್.

ಲಿಪಿಯ ಮಾತು ಬಾಕಿಯಿತ್ತು. ನಾನು ಮಾಡುತ್ತಿರುವುದು ಗಾಳಿಪಟದ ಗೇಮ್, ಹೆಸರು ‘ಪತಂಗ್’. ಅದರಲ್ಲಿ ಕನ್ನಡವೂ ಉರ್ದುವೂ ಇರಬೇಕೆಂದು ನನ್ನ ಆಸೆ, ಏಕೆಂದರೆ ನನ್ನ ತಂಗಿ ಎರಡರಲ್ಲೂ ಓದುತ್ತಾಳೆ, ಇಂಗ್ಲಿಷಿನ ಗೇಮ್‌ನಲ್ಲಿ ಮಾತ್ರ ಅಂದಾಜಿನ ಮೇಲೆ ಬಟನ್ ಒತ್ತುತ್ತಾಳೆ. ಹಳೆಯ ಗೋಡೊದಲ್ಲಿ ಕನ್ನಡದ ಒತ್ತಕ್ಷರಗಳು ಕಳಚಿಕೊಂಡು ಪಕ್ಕಕ್ಕೆ ನಿಲ್ಲುತ್ತಿದ್ದವು. ಉರ್ದು ಅಕ್ಷರಗಳು ಒಂದಕ್ಕೊಂದು ಸೇರದೆ ಬಿಡಿಬಿಡಿಯಾಗಿ, ಅದೂ ಎಡದಿಂದ ಬಲಕ್ಕೆ ಬರುತ್ತಿದ್ದವು. 2023ರಲ್ಲಿ ಬಂದ ನಾಲ್ಕನೇ ಆವೃತ್ತಿಯಲ್ಲಿ ಎರಡೂ ಸರಿಯಾದವು. ನಮ್ಮ ಭಾಷೆಯಲ್ಲಿ ಮನೆ ಗೇಮ್‌ಗಳು ಏಕೆ ಇಲ್ಲ ಎಂದು ಕೇಳುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು: ಉಚಿತವಾಗಿ ಸಿಗುವ ಈ ಸಲಕರಣೆಯಲ್ಲಿ ನಮ್ಮ ಅಕ್ಷರಗಳು ನೆಟ್ಟಗೆ ಮೂಡಲು ಶುರುವಾಗಿಯೇ ಕೆಲವು ವರ್ಷ.

ಕಾಮಿಕೆಟ್ ನಮ್ಮಿಂದ ಆಗದು. ಆದರೆ ಒಂದು ಪೆನ್ ಡ್ರೈವ್ ಆಗುತ್ತದೆ. ಕಂಪ್ಯೂಟರ್ ಸೈನ್ಸ್ ಸರ್ ಒಪ್ಪಿಗೆಯಿಂದ ಅದನ್ನು ಗ್ರಂಥಾಲಯದ ಮೇಡಂ ಬಳಿ ಇಟ್ಟಿದ್ದೇವೆ. ಪುಸ್ತಕದ ಹಾಗೆಯೇ ರಿಜಿಸ್ಟರಿನಲ್ಲಿ ಹೆಸರು ಬರೆದು ತೆಗೆದುಕೊಳ್ಳಬಹುದು. ಸದ್ಯಕ್ಕೆ ಅದರಲ್ಲಿ ಲ್ಯಾಬಿನ ಕಂಪ್ಯೂಟರಿನಲ್ಲಿ ನಡೆಯುವ ನಾಲ್ಕು ಗೇಮ್‌ಗಳಿವೆ. ನನಗೆ ಇಷ್ಟವಾದದ್ದು ಪ್ರಥಮ ಪಿಯುಸಿಯ ಒಬ್ಬ ಹುಡುಗಿ ಮಾಡಿದ್ದು. ಮೇಲಿನಿಂದ ಖಾತೆಗಳ ಹೆಸರು ಬೀಳುತ್ತಾ ಬರುತ್ತವೆ, ನೆಲ ಮುಟ್ಟುವುದರೊಳಗೆ ಡೆಬಿಟ್ ಕಡೆಗೋ ಕ್ರೆಡಿಟ್ ಕಡೆಗೋ ತಳ್ಳಬೇಕು. ಎರಡೂ ಕಡೆಯ ಮೊತ್ತ ತಾಳೆಯಾಗದಿದ್ದರೆ ಪರದೆಯ ಮೇಲೆ ಲೆಕ್ಕಶಾಸ್ತ್ರದ ಮೇಡಂ ಚಿತ್ರ ಬರುತ್ತದೆ. ಮೇಡಂ ಅದನ್ನು ಆಡಿದ್ದಾರೆ, ಮೂರನೇ ಮಟ್ಟದಲ್ಲಿ ಸವಕಳಿ ತಪ್ಪು ಬದಿಗೆ ಹೋಗುತ್ತಿದೆ ಎಂದು ಚೀಟಿ ಬರೆದು ಕಳಿಸಿದ್ದಾರೆ.